ಐದನೆಯವಳು

ಜುಲೈ ೧೬

ಪ್ರೀತಿಯ ಗುಂಡುಸೂಜಿಗೆ,

ನಿನ್ನ ಹಾಸ್ಟೆಲಿನ ವಿಳಾಸ ಅಕ್ಕ ಕಳಿಸಿದಳು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕಳಿಸಿದ್ದಾಳೆ: "ನನ್ನ ಮಗಳು ಅಲ್ಲಿ ಅತ್ತರೆ ಕಣ್ಣೊರೆಸೋಕೆ ನೀನೇ ಹೋಗಬೇಕು, ನಾನು ಹೋಗಲ್ಲ." ನಿಮ್ಮಪ್ಪನಂತೂ ನನ್ನ ಹೆಸರು ಎತ್ತಿದರೆ ಪೇಪರನ್ನು ಮುಖಕ್ಕೆ ಅಡ್ಡ ಹಿಡೀತಾರಂತೆ. ಭಾವನ ಸಿಟ್ಟು ನ್ಯಾಯವಾದದ್ದೇ. ಲೆಕ್ಕಪತ್ರದ ಕೋರ್ಸಿಗೆ ಮಗಳ ಸೀಟು ಗಟ್ಟಿಮಾಡಿಕೊಂಡು ಬಂದು ನಿರಾಳವಾಗಿ ಕೂತಿದ್ದ ಮನುಷ್ಯ. ಅವರ ಊಟದ ಮೇಜಿನ ಮೇಲೆ ನಾನು ಒಂದು ಡಬ್ಬಿ ಕಲ್ಲು ತಂದು ಸುರಿದೆ. ನೀನು ಅದರಲ್ಲಿ ಕೈಯಿಟ್ಟೆ. ಮುಗಿದೇ ಹೋಯಿತು.

ಮೊದಲ ವರ್ಷ ವಿಜ್ಞಾನದವರೆಲ್ಲ ಒಟ್ಟಿಗೆ ಆ ಕ್ಯಾಂಪಸ್ಸಿನಲ್ಲೇ ಇರಬೇಕು. ಗಣಿತ, ಭೌತಶಾಸ್ತ್ರ ಎಲ್ಲಾ ಸ್ವಲ್ಪ ಸ್ವಲ್ಪ ತಿನ್ನಿಸ್ತಾರೆ. ಸಹಿಸಿಕೋ. ಎರಡನೇ ವರ್ಷಕ್ಕೆ ಇಲ್ಲಿಗೆ ಬರ್ತೀಯ, ನಮ್ಮ ಭೂವಿಜ್ಞಾನ ವಿಭಾಗಕ್ಕೆ. ನನ್ನ ಬಾಗಿಲ ಮೇಲೆ 'ಮುಖ್ಯಸ್ಥರು' ಅಂತ ಹಿತ್ತಾಳೆ ಬೋರ್ಡಿದೆ. ಒಳಗೆ ಬಂದು ನೋಡಿದರೆ ನಾನು, ಖನಿಜದ ಮೇಷ್ಟ್ರು, ಬೇಕಾದಷ್ಟು ಖಾಲಿ ಕುರ್ಚಿ. ಹೋದ ವರ್ಷ ಸೇರಿದವರಲ್ಲಿ ಒಬ್ಬರೂ ಎರಡನೇ ವರ್ಷದ ತನಕ ಉಳಿಯಲಿಲ್ಲ. ಈ ಸಲ ಏಳು ಜನ ಇದ್ದೀರಿ. ಕುರ್ಚಿಗಳ ಧೂಳು ಒರೆಸಿಸಿದ್ದೀನಿ.

ಕಾಗದ ಬರಿ. ನಿನಗೆ ಮಾತಿಗಿಂತ ಬರವಣಿಗೆ ಸಲೀಸು. ನನಗೂ ನಿನ್ನ ಕಾಗದ ಬಂದ ದಿನ ಊಟ ರುಚಿಸುತ್ತೆ.

ನಿನ್ನ,
ಚಿಕ್ಕಮ್ಮ


ಆಗಸ್ಟ್ ೨೯

ಪ್ರೀತಿಯ ಚಿಕ್ಕಮ್ಮಾ,

ಅತ್ತಿಲ್ಲ. ಅಮ್ಮನಿಗೆ ಹೇಳಿಬಿಡು.

ನನ್ನ ರೂಮು ಮೂರನೇ ಮಹಡಿ. ಕಿಟಕಿ ತೆಗೆದರೆ ನೀರಿನ ಟ್ಯಾಂಕು, ಅದರಾಚೆ ಒಣಹಾಕಿದ ಏಪ್ರನ್‌ಗಳ ಸಾಲು. ಜೊತೆಗಿರೋಳು ಗಣಿತದ ಹುಡುಗಿ. ಅವಳಿಗೆ ಎಲ್ಲರೂ ಅಲಾರಂ ಅಂತಾರೆ. ಅವಳು ಇಟ್ಟ ಅಲಾರಮ್ಮಿಗೆ ಇಡೀ ಮಹಡಿ ಏಳುತ್ತೆ, ಅವಳೊಬ್ಬಳು ಏಳಲ್ಲ.

ಮೊದಲ ದಿನ ಒಬ್ಬೊಬ್ಬರೇ ಎದ್ದು ನಿಂತು ಹೆಸರು ಹೇಳಬೇಕಿತ್ತು. ನನ್ನ ಹೆಸರಿನ ಮೊದಲ ಅಕ್ಷರವೇ ನನ್ನ ಶತ್ರು ಅಂತ ನಿನಗೆ ಗೊತ್ತಲ್ಲ. ಎದ್ದೆ, ಬಾಯಿ ತೆಗೆದೆ, ಅದು ಗಂಟಲಲ್ಲೇ ಕಾಲು ಚಾಚಿ ಕೂತುಬಿಡ್ತು. ಪಾಪ, ಮೇಷ್ಟ್ರು ಹಾಜರಿ ನೋಡಿ ಅವರೇ ಹೇಳಿಬಿಟ್ಟರು. ಎಲ್ಲರೂ ಸಹಾಯ ಮಾಡ್ತಾರೆ ಚಿಕ್ಕಮ್ಮಾ, ಅದೇ ಕಷ್ಟ. ನಾನು ಶುರು ಮಾಡಿದ್ದನ್ನ ಯಾರೋ ಮುಗಿಸಿಬಿಡ್ತಾರೆ, ಬಹಳ ಸಲ ತಪ್ಪಾಗಿ ಮುಗಿಸ್ತಾರೆ. ಕೊನೆಗೆ ನಾನೂ ಹೂಂ ಅಂದುಬಿಡ್ತೀನಿ.

ಆದರೆ ಈ ವಾರ ನಮ್ಮ ಲ್ಯಾಬಿತ್ತು. ಒಂದು ಕರಿ ಕಲ್ಲನ್ನ ಕೂದಲಿಗಿಂತ ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿ ಕೊಟ್ಟರು. ಮೈಕ್ರೋಸ್ಕೋಪಲ್ಲಿ ನೋಡಿದರೆ ಮೊದಲು ಏನೂ ಇಲ್ಲ, ತೊಳೆಯದ ಲೋಟದ ತಳದ ಹಾಗೆ. ಆಮೇಲೆ ಫಿಲ್ಟರು ಅಡ್ಡ ಹಾಕಿ, ಗಾಜಿಟ್ಟ ತಟ್ಟೆ ತಿರುಗಿಸಿದೆ. ನೀಲಿ, ಕೇಸರಿ, ನೇರಳೆ. ಪಕ್ಕದಲ್ಲಿ ಕಪ್ಪು ಬಿಳುಪು ಪಟ್ಟೆ. ತಿರುಗಿಸಿದ ಹಾಗೆಲ್ಲ ಒಂದು ಆರುತ್ತೆ, ಇನ್ನೊಂದು ಹೊತ್ತಿಕೊಳ್ಳುತ್ತೆ. ಕಲ್ಲಿನೊಳಗೆ ಬೆಳಕು ಹೋಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಜನರ ಎದುರು ನಾನು ಒಂದು ಮಾತು ಆಡಿ ಮುಗಿಸೋ ಹೊತ್ತಿಗೆ ಅವರು ಮುಂದಿನ ವಿಷಯಕ್ಕೆ ಹೋಗಿರ್ತಾರೆ. ಕಲ್ಲು ಹೋಗಲ್ಲ. ನಾನು ಮಾತು ಮುಗಿಸೋ ತನಕ ಕಾಯುತ್ತೆ. ಎಷ್ಟೋ ಕೋಟಿ ವರ್ಷ ಕಾದಿದೆ, ಇನ್ನೆರಡು ನಿಮಿಷ ಅದಕ್ಕೇನು.

ಇದನ್ನ ಯಾರ ಹತ್ತಿರಾನೂ ಹೇಳಬೇಡ. ಹುಚ್ಚಿ ಅಂದುಕೊಳ್ತಾರೆ.

ನಿನ್ನ,
ಗುಂಡುಸೂಜಿ


ಸೆಪ್ಟೆಂಬರ್ ೨೧

ಪ್ರೀತಿಯ ಗುಂಡುಸೂಜಿಗೆ,

ನಿನ್ನ ಕಾಗದ ಬಂದಾಗ ಡೀನ್ ಕೋಣೆಯಿಂದ ಆಗತಾನೇ ಹೊರಗೆ ಬಂದಿದ್ದೆ. ಮುಖ ಸಪ್ಪೆಯಾಗಿತ್ತು ಅಂತ ಖನಿಜದ ಮೇಷ್ಟ್ರು ಹೇಳಿದರು. ಮೆಟ್ಟಿಲ ಮೇಲೇ ನಿಂತು ಓದಿದೆ. ಒಳಗೆ ಬಂದು ಕೂತು ಇನ್ನೊಂದು ಸಲ ಓದಿದೆ. ಇಷ್ಟು ವರ್ಷ ಪಾಠ ಮಾಡಿದ್ದೀನಿ, ನಾನು ಈ ವಿಷಯದ ಹಿಂದೆ ಯಾಕೆ ಬಿದ್ದೆ ಅಂತ ಯಾರಾದರೂ ಕೇಳಿದರೆ ಪುಸ್ತಕದ ಉತ್ತರ ಕೊಡ್ತಿದ್ದೆ. ಸರಿಯಾದ ಉತ್ತರ ನೀನು ಬರೆದು ಕಳಿಸಿದ್ದೀಯ.

ಇಲ್ಲಿ ಕೈತುಂಬ ಕೆಲಸ. ಶಾಲೆ ಶಾಲೆಗೆ ಕಲ್ಲಿನ ಡಬ್ಬಿ ಹೊತ್ತುಕೊಂಡು ಹೋಗ್ತಿದ್ದೀವಿ, ಪಾತ್ರೆ ಮಾರುವವರ ಹಾಗೆ. ಮಕ್ಕಳು ಕಲ್ಲು ಮುಟ್ಟಿ ನೋಡಿ ಖುಷಿಪಡ್ತಾರೆ. ಆಮೇಲೆ ಅವರ ಅಪ್ಪ ಅಮ್ಮ ಬಂದು ಕಂಪ್ಯೂಟರ್ ವಿಭಾಗದ ಮೇಜು ಎಲ್ಲಿದೆ ಅಂತ ನನ್ನನ್ನೇ ಕೇಳ್ತಾರೆ. ಮುಂದಿನ ವರ್ಷದ ಪ್ರವೇಶಕ್ಕೆ ಒಂದು ಒಳ್ಳೆ ಬ್ರೋಷರ್ ಮಾಡಿ ಅಂತ ಡೀನ್ ಹಟ ಹಿಡಿದಿದ್ದಾರೆ. ಅದರಲ್ಲಿ ತಲೆಕೆಡಿಸಿಕೊಂಡಿದ್ದೀನಿ.

ನೀವು ಏಳೂ ಜನ ಹೇಗಿದ್ದೀರಿ? ಒಟ್ಟಿಗೆ ಕೂತು ಓದ್ತೀರಾ? ಯಾರಿಗಾದರೂ ಬೇಜಾರಿದ್ದರೆ ನನಗೆ ತಿಳಿಸು. ಒಬ್ಬರಿಗೊಬ್ಬರು ಜೊತೆಯಾಗಿರಿ.

ನಿನ್ನ,
ಚಿಕ್ಕಮ್ಮ


ನವೆಂಬರ್ ೪

ಪ್ರೀತಿಯ ಚಿಕ್ಕಮ್ಮಾ,

ಏಳು ಜನ ಇಲ್ಲ, ಐದು. ಇಬ್ಬರು ಕಂಪ್ಯೂಟರ್ ಕಡೆ ಹೋದರು. ಹೋಗುವಾಗ ಕಲ್ಲಿನ ಡಬ್ಬಿಗಳನ್ನ ನನ್ನ ಮೇಜಿನ ಮೇಲಿಟ್ಟು ಹೋದರು, ಸಾಕಿದ ನಾಯಿಮರಿ ಪಕ್ಕದ ಮನೆಗೆ ಬಿಟ್ಟು ಹೋಗೋ ಹಾಗೆ.

ಲ್ಯಾಬ್ ವೈವಾ ಆಯಿತು. ಚೆನ್ನಾಗಿ ಓದಿದ್ದೆ. ಆರು ಕಲ್ಲಿಟ್ಟಿದ್ದರು, ಆರೂ ಗುರುತು ಸಿಕ್ಕಿತು. ಲ್ಯಾಬ್ ಮೇಷ್ಟ್ರು ಎದುರಿಗೆ ಕೂತು, "ಹೂಂ, ಇದ್ಯಾವುದು?" ಅಂದರು. ನನಗೆ ಗೊತ್ತು. ಅದರ ಹೆಸರು ನನ್ನ ನಾಲಿಗೆ ತುದಿಯಲ್ಲಲ್ಲ, ನಾಲಿಗೆ ಅಡಿಯಲ್ಲಿ ಒದ್ದಾಡ್ತಿದೆ. ಅವರು ಗಡಿಯಾರ ನೋಡಿದರು. "ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಮ್ಮ, ಹೊರಗೆ ಜನ ಕಾಯ್ತಿದ್ದಾರೆ" ಅಂದರು. ಬರೆದು ತೋರಿಸಲಾ ಅಂತ ಕೈಸನ್ನೆ ಮಾಡಿದೆ. "ಇದು ಮೌಖಿಕ ಪರೀಕ್ಷೆ" ಅಂದರು. ಕೊನೆಗೆ ನಾನೇ "ಗೊತ್ತಿಲ್ಲ" ಅಂದೆ. ಅದು ಮಾತ್ರ ಒಂದೇ ಉಸಿರಿಗೆ ಬಂತು ನೋಡು.

ಆರಕ್ಕೂ ಹಾಗೇ ಅಂದೆ ಚಿಕ್ಕಮ್ಮಾ. ಎರಡನೆಯದರಿಂದ ಪ್ರಯತ್ನಾನೂ ಪಡಲಿಲ್ಲ.

ಅಪ್ಪ ಬರೆದಿದ್ದಾರೆ, ಲೆಕ್ಕಪತ್ರದ ಕೋರ್ಸಿನವರು ಡಿಸೆಂಬರ್ ಮುಗಿಯೋ ತನಕ ತೆಗೆದುಕೊಳ್ತಾರಂತೆ. ಅಲ್ಲಿ ಬಾಯಿ ಪರೀಕ್ಷೆ ಇಲ್ಲ, ಎಲ್ಲಾ ಬರವಣಿಗೆ. ನನಗೆ ಕಲ್ಲು ಇಷ್ಟಾನೇ. ಆದರೆ ದಿನಾ ಬೆಳಿಗ್ಗೆ ಲ್ಯಾಬಿನ ಬಾಗಿಲು ಕಂಡರೆ ವಾಪಸ್ ತಿರುಗಿಬಿಡೋಣ ಅನ್ನಿಸುತ್ತೆ. ನಿನಗೆ ನಾನೂ ಗೊತ್ತು, ವಿಷಯಾನೂ ಗೊತ್ತು. ನೀನು ಇರು ಅಂದರೆ ಇರ್ತೀನಿ, ಹೋಗು ಅಂದರೆ ಹೋಗ್ತೀನಿ.

ನಿನ್ನ,
ಗುಂಡುಸೂಜಿ


ನವೆಂಬರ್ ೧೨

ಪ್ರೀತಿಯ ಗುಂಡುಸೂಜಿಗೆ,

ಇರು.

ಮೊದಲು ಅದನ್ನೇ ಬರೆದುಬಿಡ್ತೀನಿ, ಆಮೇಲೆ ಕಾರಣ. ವೈವಾ ಅನ್ನೋದು ಮೊದಲ ವರ್ಷದ ಪೀಡೆ. ಇಲ್ಲಿಗೆ ಬಂದ ಮೇಲೆ ನಿನ್ನನ್ನು ಪರೀಕ್ಷೆ ಮಾಡೋರು ನಾನು, ಖನಿಜದ ಮೇಷ್ಟ್ರು. ಅವರಿಗೋ ಕಿವಿ ಮಂದ, ಯಾರು ನಿಧಾನವಾಗಿ ಹೇಳಿದರೂ ಅವರಿಗೆ ಉಪಕಾರವೇ. ಅಲ್ಲಿನ ಲ್ಯಾಬ್ ಮೇಷ್ಟ್ರಿಗೆ ನಾನೇ ಬರೆದು ತಿಳಿಸ್ತೀನಿ. ಮುಂದಿನ ಸಲ ನಿನಗೆ ಬರವಣಿಗೆಯಲ್ಲೇ ಕೊಡ್ತಾರೆ. ಆ ಭಾರ ನನಗೆ ಬಿಡು.

ಲೆಕ್ಕಪತ್ರದಲ್ಲಿ ನಿನಗೆ ಒಳ್ಳೆ ಅಂಕ ಬರುತ್ತೆ, ಸಂಶಯ ಇಲ್ಲ. ಆದರೆ ನೀನು ಬರೆದಿದ್ದೆಯಲ್ಲ ಆಗಸ್ಟಿನಲ್ಲಿ, ಆ ಕಣ್ಣು ಎಲ್ಲರಿಗೂ ಇರಲ್ಲ. ಒಂದು ಕೆಟ್ಟ ಪರೀಕ್ಷೆಗೆ ಅದನ್ನ ಬಿಟ್ಟುಕೊಡಬೇಡ. ಒಂದು ವರ್ಷ ಹಲ್ಲು ಕಚ್ಚಿ ಕಳೆದುಬಿಡು.

ಭಾವನಿಗೆ ನಾನೇ ಬರೀತೀನಿ. ಬೈದರೆ ಬೈಸಿಕೊಳ್ತೀನಿ.

ಉಳಿದ ನಾಲ್ವರಿಗೂ ಧೈರ್ಯ ಹೇಳು.

ನಿನ್ನ,
ಚಿಕ್ಕಮ್ಮ


ಜನವರಿ ೧೮

ಮಾನ್ಯ ವಿಭಾಗ ಮುಖ್ಯಸ್ಥರಿಗೆ,

ಈ ವಾರ ಡೀನ್ ಸಾಹೇಬರು ನಮ್ಮ ಕ್ಯಾಂಪಸ್ಸಿಗೆ ಬಂದಿದ್ದರು. ವಿಜ್ಞಾನದವರನ್ನೆಲ್ಲ ದೊಡ್ಡ ಹಾಲಿನಲ್ಲಿ ಕೂಡಿಸಿ ಮಾತಾಡಿದರು. ಭೂವಿಜ್ಞಾನದ ಐದು ಜನ ಎದ್ದು ನಿಲ್ಲಿ ಅಂದರು. ನಿಂತೆವು. "ಈ ಐವರು ಒಂದು ವಿಭಾಗವನ್ನೇ ಹೆಗಲ ಮೇಲೆ ಹೊತ್ತಿದ್ದಾರೆ, ಐದಕ್ಕಿಂತ ಒಬ್ಬರು ಕಡಿಮೆಯಾದರೂ ನಾವು ಎರಡನೇ ವರ್ಷದ ತರಗತಿ ನಡೆಸೋ ಹಾಗಿಲ್ಲ" ಅಂತ ನಗುತ್ತಾ ಹೇಳಿದರು. ಹೊಗಳ್ತಿದ್ದೀನಿ ಅಂದುಕೊಂಡಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು.

ಆಮೇಲೆ ನಿಮ್ಮ ಬ್ರೋಷರ್ ಹಂಚಿದರು. ಮೊದಲ ಪುಟ ಡೀನ್ ಅವರೇ ಗಟ್ಟಿಯಾಗಿ ಓದಿದರು. 'ಕಲ್ಲಿನೊಳಗೆ ಬೆಳಕು ಹೋಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ.' ಅಲ್ಲಿಂದ 'ಇನ್ನೆರಡು ನಿಮಿಷ ಅದಕ್ಕೇನು' ತನಕ. ಕೆಳಗೆ 'ಪ್ರಥಮ ವರ್ಷದ ವಿದ್ಯಾರ್ಥಿನಿ' ಅಂತ ಹಾಕಿದ್ದೀರಿ. ಹೆಸರು ಹಾಕದೆ ಉಪಕಾರ ಮಾಡಿದ್ದೀರಿ. ಐವರಲ್ಲಿ ಹುಡುಗಿಯರು ಇಬ್ಬರು. ಮಾತು ಮುಗಿಸೋಕೆ ಆಗದಿರೋಳು ಒಬ್ಬಳೇ. ಹಿಂದಿನ ಸಾಲಿನಿಂದ ಯಾರೋ "ಕ... ಕ... ಕಲ್ಲು" ಅಂದರು. ಅಲ್ಲಿದ್ದವರೆಲ್ಲ ತಿರುಗಿ ನನ್ನನ್ನ ನೋಡಿದರು. ನಾನು ಇನ್ನೂ ನಿಂತೇ ಇದ್ದೆ, ಕೂತುಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ.

ಈಗ ತರಗತಿಯಲ್ಲಿ ಉತ್ತರ ಹೇಳೋಕೆ ಎದ್ದರೆ ಯಾರಾದರೂ ಒಬ್ಬರು, "ನಾವೆಲ್ಲಾ ಕಲ್ಲು, ಕಾಯ್ತೀವಿ, ನಿಧಾನವಾಗಿ ಹೇಳು" ಅಂತಾರೆ. ನನ್ನ ರೂಮಿನ ಅಲಾರಂ ಹೋಗಿ ಅವರ ಜೊತೆ ಜಗಳ ಆಡಿದಳು. ಅದು ಇನ್ನೂ ಕಷ್ಟ ಆಯಿತು.

ಯಾರ ಹತ್ತಿರಾನೂ ಹೇಳಬೇಡ ಅಂತ ಬರೆದಿದ್ದೆ. ಆ ಸಾಲೊಂದನ್ನ ಅಚ್ಚು ಹಾಕಿಲ್ಲ.

ಎರಡನೇ ವೈವಾನೂ ಆಯಿತು. ಬಾಯಲ್ಲೇ. ನಿಮ್ಮ ಕಾಗದ ಬಂದಿದೆಯಾ ಅಂತ ಲ್ಯಾಬ್ ಮೇಷ್ಟ್ರನ್ನ ಕೇಳಿದೆ. ಯಾವ ಕಾಗದ ಅಂದರು. ಲೆಕ್ಕಪತ್ರದ ಕೋರ್ಸಿನ ಗಡುವು ಮುಗಿದು ಎಷ್ಟೋ ದಿನ ಆಯಿತು.

ಒಂದೇ ಪ್ರಶ್ನೆ ಕೇಳ್ತೀನಿ. ನವೆಂಬರಿನಲ್ಲಿ 'ಇರು' ಅಂತ ಬರೆದಾಗ, ನಾನು ಐದನೆಯವಳು ಅಂತ ನಿಮಗೆ ನೆನಪಿತ್ತಾ?

ಇಂತಿ,
ಪ್ರಥಮ ವರ್ಷದ ವಿದ್ಯಾರ್ಥಿನಿ


ಜನವರಿ ೨೪

ಗುಂಡುಸೂಜಿ,

ನೆನಪಿತ್ತು.

ಬೇರೆ ಏನು ಬರೆದರೂ ಅದು ಸಬೂಬು ಆಗುತ್ತೆ. ಆದರೂ ಬರೀತೀನಿ, ನೀನು ಕೇಳಿದ್ದು ಒಂದೇ ಪ್ರಶ್ನೆಯಾದರೂ ನಾನು ಉತ್ತರ ಕೊಡಬೇಕಾದ್ದು ಮೂರಿದೆ.

ಅವತ್ತು ಮೆಟ್ಟಿಲ ಮೇಲೆ ನಿಂತು ನಿನ್ನ ಕಾಗದ ಓದುವಾಗ ಡೀನ್ ಹೇಳಿದ ಐದರ ಲೆಕ್ಕ ಕಿವಿಯಲ್ಲಿ ಇನ್ನೂ ಗುಂಯ್‌ಗುಡ್ತಿತ್ತು. ಖುಷಿಯಾಗಿದ್ದು ಸುಳ್ಳಲ್ಲ. ಆದರೆ ಖುಷಿಯ ಬೆನ್ನಿಗೇ 'ಇದು ಬ್ರೋಷರಿಗೆ ಆಗುತ್ತೆ' ಅನ್ನಿಸಿತು. ನಿನ್ನನ್ನ ಕೇಳಿದರೆ ಬೇಡ ಅಂತೀಯ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಮರೆತೆ ಅಂತ ಹೇಳಿಕೊಳ್ಳೋ ದಾರಿಯೂ ನನಗಿಲ್ಲ.

ಲ್ಯಾಬ್ ಮೇಷ್ಟ್ರಿಗೆ ಕಾಗದ ಬರೆದೆ, ಕಳಿಸಲಿಲ್ಲ. ಯಾವ ವಿದ್ಯಾರ್ಥಿಗೆ ತೊಂದರೆ ಇದೆ ಅಂತ ನಾವು ಬರೆದು ತಿಳಿಸಿದರೂ ಡೀನ್ ಕಚೇರಿಯವರು ಅವರನ್ನ ಬಿಟ್ಟುಹೋಗೋರ ಲೆಕ್ಕಕ್ಕೆ ಸೇರಿಸ್ತಾರೆ. ಐದರಲ್ಲಿ ಒಂದು ಅಲ್ಲಾಡ್ತಿದೆ ಅಂತ ನಾನೇ ಹೇಳಿದ ಹಾಗಾಗುತ್ತೆ ಅಂದುಕೊಂಡೆ. ಇವತ್ತು ಕಳಿಸೋಣ, ನಾಳೆ ಕಳಿಸೋಣ ಅಂತ ಮೇಜಿನ ಮೇಲೇ ಇತ್ತು. ಎರಡನೇ ವೈವಾ ಯಾವಾಗ ಅಂತ ನನಗೆ ಗೊತ್ತೇ ಇರಲಿಲ್ಲ. ಕೇಳಲೂ ಇಲ್ಲ.

'ಇರು' ಅಂದಿದ್ದರಲ್ಲಿ ನಿನ್ನ ಪಾಲೆಷ್ಟು, ವಿಭಾಗದ ಪಾಲೆಷ್ಟು ಅಂತ ಈ ಎರಡು ದಿನದಿಂದ ಬಿಡಿಸಿ ನೋಡೋಕೆ ಪ್ರಯತ್ನ ಪಡ್ತಿದ್ದೀನಿ. ಬಿಡಿಸೋಕೆ ಆಗ್ತಿಲ್ಲ. ಅಷ್ಟು ಬೆರೆತುಹೋಗಿದೆ ಅನ್ನೋದೇ ಉತ್ತರ ಇರಬೇಕು.

'ನೀವು' ಅಂತ ಬರೆದಿದ್ದೀಯ. ಹಾಗೇ ಬರಿ. ಬರೆಯೋದೊಂದು ನಿಲ್ಲಿಸಬೇಡ ಅಂತ ಕೇಳೋಕೂ ಈಗ ನನಗೆ ಮುಖ ಇಲ್ಲ.

ಚಿಕ್ಕಮ್ಮ


ಫೆಬ್ರವರಿ ೨೦

ತಂಗಿಗೆ,

ನೀನು ಅವಳಿಗೆ ಬರೆದಿದ್ದು ಓದಿದೆ. ಅವಳೇ ಕೊಟ್ಟಳು. ರಜೆಗೆ ಮನೆಗೆ ಬಂದಿದ್ದಾಳೆ. ಮೊದಲೇ ಮಾತು ಕಷ್ಟ, ಈಗ ಸುಲಭದ ಮಾತೂ ಆಡ್ತಿಲ್ಲ. ಉಪ್ಪು ಬೇಕಾದರೆ ಕೈ ತೋರಿಸ್ತಾಳೆ.

ನಿನ್ನ ಭಾವನಿಗೆ ವಿಷಯ ಹೇಳಿಲ್ಲ. ಹೇಳಿದರೆ ಅವರು 'ನಾನು ಆವತ್ತೇ ಹೇಳಿದ್ದೆ' ಅಂತ ಶುರು ಮಾಡ್ತಾರೆ, ಆ ಸಂತೋಷ ಅವರಿಗೆ ಈಗ ಬೇಡ.

ನಾನು ಬೈಯೋಕೆ ಬರೀತಿಲ್ಲ. ಚಿಕ್ಕವಳಿದ್ದಾಗಿನಿಂದ ನಾನೂ ಅವಳ ಮಾತು ಅರ್ಧಕ್ಕೇ ಮುಗಿಸ್ತಿದ್ದೆ. ಅಡುಗೆಮನೆಯಲ್ಲಿ ನಿಂತು ಕಾಯೋ ವ್ಯವಧಾನ ಯಾರಿಗಿತ್ತು? ಅವರಪ್ಪನೂ ಮುಗಿಸ್ತಿದ್ದರು, ಅವಳ ಟೀಚರುಗಳೂ ಮುಗಿಸ್ತಿದ್ದರು. ಇಡೀ ಬಳಗದಲ್ಲಿ ಅವಳ ಮಾತಿಗೆ ಬಾಯಿ ಹಾಕದೆ ಸುಮ್ಮನೆ ಕೂತು ಕೇಳ್ತಿದ್ದೋಳು ನೀನೊಬ್ಬಳೇ. ಅದಕ್ಕೇ ನಿನ್ನ ಡಬ್ಬಿಗೆ ಕೈಯಿಟ್ಟಳು ಕಣೇ, ಕಲ್ಲು ಕಂಡು ಅಲ್ಲ.

ಇಷ್ಟು ನಿನಗೆ ಗೊತ್ತಿರಲಿ ಅಂತ ಬರೆದೆ. ಸೋಮವಾರ ವಾಪಸ್ ಹೋಗ್ತಾಳೆ. ನಾನು ತಡೆದಿಲ್ಲ, ಹೋಗು ಅಂತಲೂ ಅಂದಿಲ್ಲ. ಅವಳೇ ಪೆಟ್ಟಿಗೆ ಕಟ್ಟಿದಳು.

ನಿನ್ನ ಆರೋಗ್ಯ ನೋಡಿಕೋ. ಸಿಟ್ಟಿದ್ದರೂ ತಂಗಿ ತಂಗಿಯೇ.

ಅಕ್ಕ


ಮಾರ್ಚ್ ೩೦

ಗುಂಡುಸೂಜಿ,

ನೀನು ಉತ್ತರ ಬರೀಬೇಕಿಲ್ಲ. ಏನೇನಾಯಿತು ಅಂತ ತಿಳಿಸೋಕೆ ಬರೀತಿದ್ದೀನಿ.

ಬ್ರೋಷರ್ ವಾಪಸ್ ತೆಗೆದುಕೊಳ್ಳಿ ಅಂತ ಡೀನ್ ಹತ್ತಿರ ಹೋದೆ. ಕೇಳದೆ ಹಾಕಿದ್ದು ಅಂತ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಪ್ರತಿಗಳೆಲ್ಲ ಊರೂರಿಗೆ ಹೋಗಿಯಾಗಿದೆ ಅಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ನಿಮ್ಮ ವಿಭಾಗಕ್ಕೆ ಇಷ್ಟು ಅರ್ಜಿ ಯಾವತ್ತು ಬಂದಿದ್ದವು ಹೇಳಿ. ಆ ಹುಡುಗಿಗೆ ಒಂದು ಬಹುಮಾನ ಕೊಡಿಸೋಣ" ಅಂದರು. ಅವರ ಮುಖದಲ್ಲಿ ಕೆಟ್ಟತನ ಏನೂ ಇರಲಿಲ್ಲ. ಸೆಪ್ಟೆಂಬರಿನಲ್ಲಿ ನನ್ನ ಮುಖವೂ ಹೀಗೇ ಇದ್ದಿರಬೇಕು.

ಮಾತಾಡೋಕೆ ಕಷ್ಟ ಇರೋ ಯಾರೇ ಆದರೂ ವೈವಾವನ್ನ ಬರೆದು ಕೊಡಬಹುದು ಅಂತ ಆದೇಶ ಮಾಡಿಸಿದ್ದೀನಿ. ಎಲ್ಲಾ ಲ್ಯಾಬುಗಳಿಗೂ ಅನ್ವಯ. "ಇದರಿಂದ ಬಿಟ್ಟುಹೋಗೋರು ಕಡಿಮೆಯಾಗ್ತಾರಾ?" ಅಂತ ಡೀನ್ ಕೇಳಿದರು. ಹೌದು ಅಂದೆ. ಹಾಗಂದರೆ ಮಾತ್ರ ಸಹಿ ಬೀಳುತ್ತೆ ಅಂತ ಗೊತ್ತಿತ್ತು. ನಿನ್ನನ್ನ ಮತ್ತೆ ಲೆಕ್ಕಕ್ಕೆ ಇಟ್ಟೆ ಅನ್ನಿಸಿ ಬಾಯಿ ಕಹಿಯಾಯಿತು.

ಲೆಕ್ಕಪತ್ರದ ಕೋರ್ಸಿನ ಮುಖ್ಯಸ್ಥರನ್ನೂ ನೋಡಿ ಬಂದೆ. ಗಡುವು ಮೀರಿದ್ದರೂ ಬೇಸಿಗೆಯಲ್ಲಿ ನಿನ್ನನ್ನ ಸೇರಿಸಿಕೊಳ್ತಾರೆ, ವರ್ಷ ಹಾಳಾಗಲ್ಲ. ನೀನು ಹೋದರೆ ಇಲ್ಲಿ ಏನಾಗುತ್ತೆ ಅನ್ನೋದು ನನ್ನ ತಲೆನೋವು. ಇರು ಅಂತಲೂ ಹೋಗು ಅಂತಲೂ ಈ ಸಲ ನಾನು ಹೇಳಲ್ಲ.

ಇನ್ನೊಂದು ವಿಷಯ. ಹೇಳಬೇಕೋ ಬೇಡವೋ ಗೊತ್ತಿಲ್ಲ. ಮೊನ್ನೆ ಶಾಲೆಯವರಿಗೆ ವಿಭಾಗ ತೋರಿಸೋ ದಿನ ಇತ್ತು. ತಾಯಿಯ ಜೊತೆ ಒಬ್ಬ ಹುಡುಗಿ ಬಂದಳು, ಹತ್ತಿರತ್ತಿರ ನಿನ್ನ ವಯಸ್ಸೇ. ನಾನು ಏನು ಕೇಳಿದರೂ ತಾಯಿಯೇ ಉತ್ತರ ಹೇಳ್ತಿದ್ದರು. ಯಾಕೆ ಅಂತ ನನಗೆ ತಕ್ಷಣ ಗೊತ್ತಾಯಿತು. ಕೊನೆಗೆ ಹುಡುಗಿ ಬ್ರೋಷರಿನ ಮೊದಲ ಪುಟದ ಮೇಲೆ ಬೆರಳಿಟ್ಟು ತಾನೇ ಕೇಳಿದಳು. ಬಹಳ ಹೊತ್ತು ಹಿಡೀತು. ತಾಯಿ ಬಾಯಿ ತೆಗೆದಾಗ ನಾನು ಕೈ ಅಡ್ಡ ಹಿಡಿದೆ. "ಇದನ್ನ ಬರೆದವರು ಇಲ್ಲಿ ಸಿಗ್ತಾರಾ?" ಅಂತ ಕೇಳಿದಳು.

ಅವಳ ಎದುರು ಕಾಯುತ್ತಾ ಕೂತಾಗ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. "ಬರೆದವರನ್ನ ಕೇಳದೆ ನಾನು ಅಚ್ಚು ಹಾಕಿಬಿಟ್ಟೆ. ಅದರಿಂದ ಅವರಿಗೆ ತುಂಬಾ ನೋವಾಗಿದೆ. ಯಾರು ಅಂತ ಹೇಳೋ ಹಕ್ಕು ನನಗಿಲ್ಲ" ಅಂದೆ. ಹುಡುಗಿ ನನ್ನನ್ನೇ ನೋಡಿದಳು. ಆಮೇಲೆ ಬ್ರೋಷರನ್ನ ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದಳು.

ಚಿಕ್ಕಮ್ಮ


ಮೇ ೧೧

ಚಿಕ್ಕಮ್ಮನವರಿಗೆ,

ಮೂರನೇ ವೈವಾ ಬರೆದು ಕೊಟ್ಟೆ. ಲ್ಯಾಬ್ ಮೇಷ್ಟ್ರು ಓದಿ, "ಇಷ್ಟೆಲ್ಲಾ ಗೊತ್ತಿತ್ತಾ?" ಅಂದರು. ಗೊತ್ತಿತ್ತು ಅಂತ ಅದನ್ನೂ ಬರೆದು ತೋರಿಸಿದೆ. ಅವರು ಮುಖ ಕೆಳಗೆ ಹಾಕಿದರು. ಕೆಟ್ಟವರಲ್ಲ, ಅವಸರದವರು.

ನಿಮ್ಮ ಎಲ್ಲಾ ಕಾಗದ ಓದಿದ್ದೀನಿ. ಉತ್ತರ ಬರೆಯೋಕೆ ಕೂತಾಗಲೆಲ್ಲ ಇದನ್ನೂ ಎಲ್ಲಾದರೂ ಅಚ್ಚು ಹಾಕ್ತಾರಾ ಅನ್ನೋ ಯೋಚನೆ ಬರ್ತಿತ್ತು. ಹಾಕಲ್ಲ ಅಂತ ಗೊತ್ತು. ಆದರೂ ಬರ್ತಿತ್ತು. ಮೊದಲೆಲ್ಲ ನಿಮಗೆ ಬರೆಯುವಾಗ ನಾನು ಏನನ್ನೂ ಹೊಡೆದು ಹಾಕ್ತಿರಲಿಲ್ಲ. ಇದನ್ನ ಮೂರು ಸಲ ಬರೆದು ಹರಿದೆ.

ಲೆಕ್ಕಪತ್ರಕ್ಕೆ ಹೋಗ್ತಿಲ್ಲ. ಬೇರೆ ವಿಶ್ವವಿದ್ಯಾಲಯದ ಭೂವಿಜ್ಞಾನಕ್ಕೆ ಅರ್ಜಿ ಹಾಕಿದ್ದೆ, ಎರಡನೇ ವರ್ಷಕ್ಕೆ ತೆಗೆದುಕೊಳ್ತಾರೆ. ದೂರ ಇದೆ. ಅಲ್ಲಿ ನನಗೆ ಯಾರೂ ಗೊತ್ತಿಲ್ಲ, ಅದಕ್ಕೇ ಆರಿಸಿಕೊಂಡೆ. ನಾನು ಕಲ್ಲು ಬಿಡ್ತಿಲ್ಲ, ನಿಮ್ಮ ವಿಭಾಗ ಬಿಡ್ತಿದ್ದೀನಿ.

ಅಪ್ಪನಿಗೆ ನಾನೇ ಹೇಳಿದೆ. ಊಟಕ್ಕೆ ಕೂತಾಗ ಶುರು ಮಾಡಿದೆ, ಅನ್ನ ತಣ್ಣಗಾಯಿತು. ಅಪ್ಪ ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, "ಲೆಕ್ಕ ಚೆನ್ನಾಗಿತ್ತಲ್ಲೇ ನಿಂದು" ಅಂತ ಮಾತ್ರ ಅಂದರು. ಅಮ್ಮ ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಉಳಿದ ನಾಲ್ವರಿಗೆ ಹೇಳೋದು ಅದಕ್ಕಿಂತ ಕಷ್ಟ ಆಯಿತು. ನಾನು ಹೋದರೆ ಅವರ ತರಗತಿ ನಿಲ್ಲುತ್ತೆ ಅಂತ ಅವರಿಗೂ ಗೊತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈ ಭಾರ ನಿಮ್ಮದು ಅಂತ ನೀವು ಬರೆದಿದ್ದೀರಿ. ಹಾಗೆ ಬರೆದ ಮಾತ್ರಕ್ಕೆ ನನ್ನ ಹೆಗಲಿಂದ ಅದು ಇಳಿಯಲ್ಲ.

ಅಲ್ಲಿಯವರು ಈಗಿನ ವಿಭಾಗ ಮುಖ್ಯಸ್ಥರಿಂದ ಒಂದು ಶಿಫಾರಸು ಪತ್ರ ಕೇಳ್ತಾರೆ. ಅದು ನೀವೇ ಆಗಿರೋದು ನನ್ನ ಗ್ರಹಚಾರ. ಕಳಿಸಿಕೊಡಿ.

ಬ್ರೋಷರ್ ಮಡಿಸಿಟ್ಟು ಹೋದ ಆ ಹುಡುಗಿ ಒಂದು ವೇಳೆ ಬಂದು ಸೇರಿದರೆ, ಬರೆದು ಕೊಡಲಾ ಅಂತ ಅವಳೇ ಕೇಳೋ ಹಾಗಾಗಬಾರದು. ಮೊದಲ ದಿನವೇ ನೀವೇ ಹೇಳಿಬಿಡಿ.

ನಿಮ್ಮ,
ಅಕ್ಕನ ಮಗಳು


ಮೇ ೧೯

ಗುಂಡುಸೂಜಿ,

ನಿನ್ನ ಕಾಗದ ಖನಿಜದ ಮೇಷ್ಟ್ರಿಗೆ ತೋರಿಸಲಿಲ್ಲ. ಯಾರಿಗೂ ತೋರಿಸಲಿಲ್ಲ. ನೀನು ಹೋಗ್ತಿದ್ದೀಯ ಅಂತಷ್ಟೇ ಹೇಳಿದೆ. "ಎಲ್ಲಿಗೆ?" ಅಂದರು. ಹೇಳಿದೆ. "ಒಳ್ಳೆ ಜಾಗ. ಅವರ ಮೈಕ್ರೋಸ್ಕೋಪು ನಮ್ಮದಕ್ಕಿಂತ ಚೆನ್ನಾಗಿದೆ" ಅಂದರು. ಅವರಿಗೆ ನಿನ್ನ ಮೇಲೆ ಒಂದಿಷ್ಟೂ ಬೇಸರ ಇಲ್ಲ.

ನಾಲ್ವರ ವ್ಯವಸ್ಥೆ ಹೀಗಾಯಿತು: ಎರಡನೇ ವರ್ಷದ ತರಗತಿ ಇಲ್ಲಿ ನಡೆಯಲ್ಲ. ಇಬ್ಬರು ನೀರು ಮತ್ತು ಮಣ್ಣಿನ ವಿಭಾಗಕ್ಕೆ ಹೋಗೋಕೆ ಒಪ್ಪಿದ್ದಾರೆ. ಒಬ್ಬ ಓದು ಬಿಡ್ತೀನಿ ಅಂತಿದ್ದಾನೆ, ಅವನ ಮನೆಗೆ ನಾಳೆ ಹೋಗ್ತೀನಿ. ಇನ್ನೊಬ್ಬಳು ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತು ಕೇಳಬೇಕಾದ್ದನ್ನೆಲ್ಲ ಕೇಳಿದಳು. ಕೂತ್ಕೋ ಅಂದರೂ ಕೂರಲಿಲ್ಲ. ಬೈದಳು ಅಂತಲೇ ಇಟ್ಟುಕೋ. ನಿನಗೆ ಸಿಗಬೇಕಾಗಿರದ ಬೈಗುಳ, ಸರಿಯಾದ ವಿಳಾಸಕ್ಕೇ ಬಂತು.

ಹೊಸ ಪ್ರವೇಶ ಮಾತ್ರ ನಿಲ್ಲಿಸಲ್ಲವಂತೆ, ಅಷ್ಟೊಂದು ಅರ್ಜಿ ಬಂದಿವೆ. ವಿಭಾಗ ಉಳಿಯಿತು. ನಿನ್ನ ಮಾತಿನಿಂದ ಉಳಿಯಿತು, ನಿನ್ನನ್ನ ಬಿಟ್ಟು ಉಳಿಯಿತು. ಅಭಿನಂದನೆ ಅಂತ ಡೀನ್ ಕಚೇರಿಯಿಂದ ಚೀಟಿ ಬಂದಿದೆ. ಮುಖ್ಯಸ್ಥೆ ಸ್ಥಾನ ಬಿಟ್ಟುಬಿಡ್ತೀನಿ ಅಂತ ಖನಿಜದ ಮೇಷ್ಟ್ರಿಗೆ ಹೇಳಿದೆ. ಅವರು ಕಿವಿಗೆ ಕೈ ಹಿಡಿದು ಎರಡು ಸಲ ಹೇಳಿಸಿಕೊಂಡು, "ಅದು ಪ್ರಾಯಶ್ಚಿತ್ತ ಅಲ್ಲಮ್ಮ, ರಜೆ" ಅಂದರು. ಹಾಗಾಗಿ ಬಿಟ್ಟಿಲ್ಲ. ಮೊದಲ ವರ್ಷದವರ ಪ್ರತಿ ವೈವಾಕ್ಕೂ ಇನ್ನು ಮುಂದೆ ನಾನೇ ಅಲ್ಲಿಗೆ ಬಂದು ಕೂರ್ತೀನಿ.

ಬ್ರೋಷರ್ ನೋಡಿಕೊಂಡು ಬರೋ ಮಕ್ಕಳ ಎದುರು ಕೂರೋದು ಕಷ್ಟ. ಅವರ ಕಣ್ಣು ಹೊಳೆಯುತ್ತೆ. ಅದಕ್ಕೆ ನಾನು ಸಂತೋಷಪಡಬೇಕು, ಪಡ್ತೀನಿ ಕೂಡ. ಮರುಕ್ಷಣ ಆ ದೊಡ್ಡ ಹಾಲ್‌ನ ಮಧ್ಯೆ ಒಬ್ಬಳೇ ನಿಂತಿರೋ ನೀನು ಕಾಣ್ತೀಯ.

ಶಿಫಾರಸಿನ ಕರಡು ಜೊತೆಗಿಟ್ಟಿದ್ದೀನಿ. ಇದರಲ್ಲಿ ನೀನು ನನಗೆ ಬರೆದ ಒಂದು ಮಾತೂ ಇಲ್ಲ, ನಾನು ಕಣ್ಣಾರೆ ಕಂಡದ್ದು ಮಾತ್ರ ಇದೆ. ಓದು. ಬೇಡದ್ದನ್ನ ಹೊಡೆದು ಹಾಕು. ನೀನು ಸರಿ ಅಂದ ಮೇಲೆ ಸಹಿ ಹಾಕಿ ಕಳಿಸ್ತೀನಿ.

ಚಿಕ್ಕಮ್ಮ


ಮೇ ೨೭

ಚಿಕ್ಕಮ್ಮನವರಿಗೆ,

ಕರಡು ಓದಿದೆ. ಹೊಗಳಿಕೆ ಜಾಸ್ತಿ ಆಗಿದೆ, ಎರಡು ಕಡೆ ಕಡಿಮೆ ಮಾಡಿದ್ದೀನಿ. 'ಅಪರೂಪದ' ಅನ್ನೋದನ್ನ ತೆಗೆದುಬಿಡಿ.

ಇನ್ನೊಂದು ತಿದ್ದುಪಡಿ ಇದೆ. ಮೂರನೇ ಸಾಲಲ್ಲಿ 'ಈಕೆಯ ಮಾತು ಕಡಿಮೆ' ಅಂತ ಹಾಕಿದ್ದೀರಿ. ನನಗೆ ಬೇಜಾರಾಗಬಾರದು ಅಂತ ಹಾಗೆ ಬರೆದಿರಬೇಕು. ಅದು ಸುಳ್ಳು. ನನ್ನ ಮಾತು ಕಡಿಮೆ ಅಲ್ಲ, ನಿಧಾನ. 'ಉಗ್ಗು ಇದೆ, ಉತ್ತರಕ್ಕೆ ಸಮಯ ಬೇಕು' ಅಂತ ನೇರವಾಗಿ ಬರೆಯಿರಿ. ಅಲ್ಲಿಯವರಿಗೆ ಮೊದಲೇ ಗೊತ್ತಿರಲಿ. ಈ ಮಾತನ್ನ ನಿಮ್ಮ ಅಕ್ಷರದಲ್ಲಿ, ನಿಮ್ಮ ಸಹಿಯ ಮೇಲೆ ಹಾಕೋಕೆ ನನ್ನ ಒಪ್ಪಿಗೆ ಇದೆ.

ಬಸ್ಸು ಭಾನುವಾರ ಬೆಳಿಗ್ಗೆ. ಅಪ್ಪ ಅಮ್ಮ ಬರ್ತಾರೆ. ನೀವು ಬರಬೇಡಿ, ಈಗಲೇ ಬೇಡ.

ನಿಮ್ಮ,
ಅಕ್ಕನ ಮಗಳು